ಹೊಳೆಯಲ್ಲಿ ನಿಂತ ಇಗರ್ಜಿ



ಹೋದ ಸಂಚಿಕೆಯಲ್ಲಿ ಅಪ್ಪೆಮಿಡಿಯ ಮಾತಾಯಿತು. ಈ ಸಲ ಒಲೆ ಆರಿಸಿ ಸ್ವಲ್ಪ ಹೊರಗೆ ಹೋಗಿ ಬರೋಣ, ಬನ್ನಿ.

ಹಾಸನದ ಕಡೆ ನೆಂಟರಿದ್ದವರು ಗೊರೂರು ಅಣೆಕಟ್ಟನ್ನು ನೋಡಿಯೇ ಇರುತ್ತೀರಿ. ಅದರ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಇಗರ್ಜಿ ಇದೆ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಜನ ಹೇಳುತ್ತಾರೆ. 1979ರಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು ಮುಗಿಯಿತು, ಊರವರು ಬೇರೆ ಕಡೆ ಹೋದರು, ಇಗರ್ಜಿ ಅಲ್ಲೇ ಉಳಿಯಿತು. ಒಳ್ಳೆಯ ಮಳೆಯಾದ ವರ್ಷ ಅರ್ಧ ಗೋಡೆ ನೀರಿನೊಳಗೆ. ಬೇಸಿಗೆಯಲ್ಲಿ ನೀರು ಇಳಿದರೆ ಬಾಗಿಲಿನವರೆಗೂ ನಡೆದೇ ಹೋಗಬಹುದು. ಮಾಡಂತೂ ಎಂದೋ ಹೋಗಿದೆ, ಗೋಡೆಯೂ ಸ್ವಲ್ಪ ಸ್ವಲ್ಪವೇ ಉದುರುತ್ತಿದೆ. ಮಕ್ಕಳನ್ನು ಕರೆದುಕೊಂಡು ಹೋದರೆ ಗೋಡೆಯ ಬುಡಕ್ಕೆ ಬಿಡಬೇಡಿ.

ಅಲ್ಲಿಂದ ಬಂದು ಹೆಗ್ಗೋಡಿನ ನಮ್ಮ ದೊಡ್ಡಮ್ಮನಿಗೆ ಫೋಟೋ ತೋರಿಸಿದೆ. ಚಂದ ಇದೆ ಅನ್ನಲಿಲ್ಲ ಅವರು. "ಅಲ್ಲಾ ಮಾರಾಯ್ತಿ, ಅಲ್ಲಿನ ಪುಸ್ತಕ ಎಲ್ಲ ಎಲ್ಲಿಗೆ ಒಯ್ದರಂತೆ?" ಎಂದು ಕೇಳಿದರು.

ಈ ಪ್ರಶ್ನೆ ಅವರಿಗೇ ಹೊಳೆಯಬೇಕು. ಅವರು ಶರಾವತಿ ದಂಡೆಯವರು. 1948ರಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ. ಎರಡನೆಯದರ ನೀರಿನಲ್ಲಿ ಮೊದಲನೆಯ ಅಣೆಕಟ್ಟೇ ಮುಳುಗಿತು ನೋಡಿ! ಕಡು ಬೇಸಿಗೆಯಲ್ಲಿ ಅದು ತಲೆ ಎತ್ತುತ್ತದೆ. ದೊಡ್ಡಮ್ಮನ ಮನೆ, ಗದ್ದೆ, ದೇವಸ್ಥಾನ, ನಾಲ್ಕನೇ ಇಯತ್ತೆವರೆಗೆ ಕಲಿತ ಶಾಲೆ ಎಲ್ಲ ಹೋಯಿತು. ಅವರಂಥ ಎಷ್ಟೋ ಕುಟುಂಬಗಳು ಜಮೀನಿನ ಹಕ್ಕುಪತ್ರಕ್ಕಾಗಿ ಇನ್ನೂ ಅಲೆಯುತ್ತಿವೆ.

ಪಿಂಚಣಿಗೆ ಅರ್ಜಿ ಹಾಕಿದಾಗ ವಯಸ್ಸಿಗೆ ದಾಖಲೆ ಬೇಕಾಯಿತು. ಕಚೇರಿಯೊಂದರಲ್ಲಿ, "ಶಾಲೆಯೇ ಇಲ್ಲ ಅಂದಮೇಲೆ ನಾವೇನು ಮಾಡೋಣ" ಎಂದರು. ಆರು ತಿಂಗಳು ಓಡಾಟ. ಕೊನೆಗೆ ನೆರೆಯೂರಿನ ಶಾಲೆಯ ಮರದ ಕಪಾಟಿನಲ್ಲಿ ಹಳೆಯ ಶಾಲೆಯ ದಾಖಲಾತಿ ಪುಸ್ತಕ ಸಿಕ್ಕಿತು. ಊರು ಬಿಡುವಾಗ ಮೇಷ್ಟರು ಹೊತ್ತು ತಂದಿದ್ದರಂತೆ.

ನಾವು ಹೆಂಗಸರು ಮದುವೆಯಾಗಿ ಊರು ಬಿಡುತ್ತೇವೆ, ಎಷ್ಟೋ ಜನರ ಹೆಸರೂ ಬದಲಾಗುತ್ತದೆ. ಜಮೀನಿನ ಕಾಗದದಲ್ಲಿ ನಮ್ಮ ಹೆಸರು ಇರುವುದೇ ಅಪರೂಪ. ಹಿಂದಿನವರಿಗೆ ತವರಿನ ಹೆಸರು, ಹುಟ್ಟಿದ ತಾರೀಖು ಉಳಿಯುತ್ತಿದ್ದದ್ದು ಶಾಲೆಯ ಪುಸ್ತಕದಲ್ಲಿ. ಕ್ರೈಸ್ತ ಸೋದರಿಯರಿಗಾದರೆ ಇಗರ್ಜಿಯ ಜ್ಞಾನಸ್ನಾನದ, ಮದುವೆಯ ಪುಸ್ತಕಗಳಲ್ಲಿ.

1 ಅಕ್ಟೋಬರ್ 2023ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೇ ಆಧಾರ. ನಮ್ಮ ವಯಸ್ಸಿನವರಿಗೆ ಹಳೆಯ ಪುಸ್ತಕಗಳೇ ಗತಿ. ಮಕ್ಕಳಿಲ್ಲದೆ ಬಾಗಿಲು ಹಾಕಿದ ಶಾಲೆಗಳು ನಮ್ಮ ಮಲೆನಾಡಿನಲ್ಲೂ ಇವೆಯಲ್ಲ. ನೀವು ಕಲಿತ ಶಾಲೆ ಮುಚ್ಚಿದ್ದರೆ, ಅದನ್ನು ಸೇರಿಸಿಕೊಂಡ ಶಾಲೆಯಲ್ಲಿ, ಇಲ್ಲವೇ ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಇಗರ್ಜಿಯ ದಾಖಲೆಯಾದರೆ ಈಗ ನಿಮ್ಮವರು ಸೇರಿರುವ ಇಗರ್ಜಿಯಲ್ಲಿ ಕೇಳಿ, ಅಲ್ಲಿ ಸಿಗದಿದ್ದರೆ ಬಿಷಪ್ಪರ ಕಚೇರಿಗೆ ಕಾಗದ ಬರೆಯಿರಿ. ತುರ್ತು ಬರುವವರೆಗೆ ಕಾಯಬೇಡಿ. ಈ ಸಲ ತವರಿಗೆ ಹೋದಾಗಲೇ ಒಂದು ದಿನ ಇದಕ್ಕೆ ಇಟ್ಟುಕೊಳ್ಳಿ.

ದೊಡ್ಡಮ್ಮನಿಗೆ ಪಿಂಚಣಿ ಬರುತ್ತಿದೆ. ಪುಸ್ತಕದ ಪ್ರಕಾರ ಅವರು ಗಂಡನಿಗಿಂತ ಒಂದು ವರ್ಷ ದೊಡ್ಡವರು! "ಇದನ್ನು ಮಾತ್ರ ನಿಮ್ಮ ದೊಡ್ಡಪ್ಪನ ಕಿವಿಗೆ ಹಾಕಬೇಡ" ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಅವರು ಈ ಪತ್ರಿಕೆ ಓದುವುದಿಲ್ಲ ಎಂಬ ಧೈರ್ಯದಿಂದ ಬರೆದಿದ್ದೇನೆ.