ಸೀಕರಣಿಗೆ ಸಕ್ಕರಿ ಯಾಕ ಬೇಕಾತು?

ಹೋದ ವರ್ಷ ಅಡ್ಡಮಳಿ ಗಾಳಿಗೆ ಹೆದರಿ ನಮ್ಮ ಆಪೂಸಿನ ಗಿಡಗಳನ್ನ ಒಂದ ದಿನದಾಗ ಪೂರ್ತಿ ಇಳಿಸಿಬಿಟ್ಟೆ. ಮುಂದ ಹಣ್ಣು ಹಳದಿ ಆದವು, ವಾಸನಿನೂ ಬಂತು. ಸೂಟಿಗೆ ಬಂದ ಮೊಮ್ಮಕ್ಕಳು "ಅಜ್ಜಾ, ಸ್ಮೂದಿ ಮಾಡೋಣು" ಅಂದವು. ಏನದು ಅಂತ ನೋಡಿದ್ರ ನಮ್ಮ ಸೀಕರಣಿನ, ಮಿಕ್ಸರಿಗೆ ಹಾಕಿ ಐಸ್ ಕೂಡಿಸಿದ್ದು. ಬಾಯಿಗೆ ಇಟ್ಟರೆ ಹುಳಿ. ಸೊಸಿ ನಾಲ್ಕು ಚಮಚ ಸಕ್ಕರಿ ಹಾಕಿದ್ಲು, ಸಾಲಲಿಲ್ಲ. ಮತ್ತ ನಾಲ್ಕು. ನಾಲ್ಕು ಗ್ಲಾಸಿಗೆ ಎಂಟು ಚಮಚ! ಮಾವು ಬೆಳೆಯೋ ಮನಿಯಾಗ ಸಕ್ಕರಿ ಡಬ್ಬಿ ಖಾಲಿ ಆಗೋದು ನೋಡಿ ನನಗ ನಾಚಿಕಿ ಬಂತು ನೋಡ್ರಿ.

ಯಾಕ ಹಿಂಗಾತು ಅಂದ್ರ, ಬಲಿತ ಕಾಯಿಯೊಳಗ ಪಿಷ್ಟ ತುಂಬಿರತೈತಿ. ಹಣ್ಣಾಗುವಾಗ ಆ ಪಿಷ್ಟವೇ ಸಕ್ಕರೆಯಾಗಿ ತಿರುಗತೈತಿ. ಎಳೀ ಕಾಯಿಯೊಳಗ ಪಿಷ್ಟವೇ ಕಡಿಮಿ ಇದ್ದರೆ ಸಿಹಿ ಎಲ್ಲಿಂದ ಬರಬೇಕು? ಬಣ್ಣ ಬರತೈತಿ, ರುಚಿ ಬರೂದಿಲ್ಲ. ಕಾರ್ಬೈಡ್ ಇಟ್ಟರೂ ಅಷ್ಟ. ಅದನ್ನ ಹಣ್ಣು ಮಾಡಾಕ ಬಳಸೂದು ಕಾನೂನು ಪ್ರಕಾರ ನಿಷಿದ್ಧ, ಅದರೊಳಗ ಆರ್ಸೆನಿಕ್ ಅಂಶನೂ ಇರಬಹುದು.

ಅದಕ್ಕ ನನ್ನ ಮಾತು ಇಷ್ಟ: ಸಿಹಿಯ ಲೆಕ್ಕ ಮಿಕ್ಸರಿನಾಗ ಅಲ್ಲ, ಗಿಡದ ಮ್ಯಾಲೆ ಶುರು ಆಗಬೇಕು. ತೊಟ್ಟಿನ ಎರಡೂ ಕಡೆ ಹೆಗಲು ಎದ್ದು ನಡುವ ತಗ್ಗು ಬಿದ್ದಿರಬೇಕು. ಅನುಮಾನ ಇದ್ರ ನಾಲ್ಕು ಕಾಯಿ ಬಕೆಟ್ ನೀರಿಗೆ ಬಿಡ್ರಿ. ಬಲಿತದ್ದು ಮುಳುಗತೈತಿ, ಎಳೀದು ತೇಲತೈತಿ. ನಮ್ಮ ಹಾನಗಲ್ ಕಡೆ ಭತ್ತದ ಹುಲ್ಲಿಗೇನು ಬರ? ಅದರೊಳಗ ಅಡಿ ಹಾಕಿ ದಿನಾ ಒಮ್ಮೆ ಕೈಯಾಡಿಸ್ರಿ.

ಹಿರೇಕೆರೂರು, ಸವಣೂರು, ಶಿಗ್ಗಾವಿ ಕಡೆ ಗೋವಿನಜೋಳ ಹಾಕಿಕೊಂಡು ಮಾವು ಕೊಂಡು ತಿನ್ನೋರಿಗೆ ಬೇರೆ ಮಾತು. ಕೊಂಡ ದಿನಾನ ರುಬ್ಬಬ್ಯಾಡ್ರಿ. ತೊಟ್ಟಿನ ಹತ್ರ ಮೂಸಿ ಘಮ್ ಅನ್ನೂತನಕ ಕಾಯ್ರಿ. ರುಬ್ಬುವಾಗ ಮೊದಲು ಹಣ್ಣಿನ ತಿರುಳು ಅಷ್ಟ, ಹಾಲು ಸ್ವಲ್ಪ. ಹಾಲು ಹೆಚ್ಚಾದಷ್ಟೂ ಸಿಹಿ ತೆಳು ಆಗತೈತಿ. ಕಡಿಮಿ ಅನ್ನಿಸಿದ್ರ ಸಿಪ್ಪಿ ಮ್ಯಾಲೆ ಚುಕ್ಕಿ ಬಿದ್ದ ಅರ್ಧ ಬಾಳಿಹಣ್ಣು ಹಾಕ್ರಿ, ಇಲ್ಲಾ ನೆನೆಸಿದ ಎರಡು ಖರ್ಜೂರ. ಏಲಕ್ಕಿ ಮತ್ತ ಚಿಟಿಕಿ ಉಪ್ಪು ಇದ್ದದ್ದನ್ನ ಎತ್ತಿ ತೋರಿಸ್ತಾವು. ಐಸ್ ಮಾತ್ರ ಬ್ಯಾಡ. ನಾಲಿಗಿ ತಣ್ಣಗಾದ್ರ ಸಿಹಿ ಗೊತ್ತಾಗೂದಿಲ್ಲ, ಕೈ ತಾನ ಸಕ್ಕರಿ ಡಬ್ಬಿಗೆ ಹೋಗತೈತಿ. ಸಿಹಿ ಜಾಸ್ತಿ ಆತಂದ್ರ ಮೊಸರು ಕೂಡಿಸ್ರಿ.

ಬೆಲ್ಲ ಹಾಕಿದ್ರ ಏನೂ ಆಗೂದಿಲ್ಲ ಅನ್ನೋರು ಭಾಳ ಮಂದಿ ಅದಾರ. ನಾ ಒಪ್ಪೂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಾಗ ಹೇಳಿದ್ದು ದೊಡ್ಡವರಿಗೂ ದಿನಕ್ಕ ಸುಮಾರು 25 ಗ್ರಾಂ ಒಳಗ ಇದ್ದರೆ ಇನ್ನೂ ಒಳ್ಳೇದು ಅಂತ, ಅಂದ್ರ ಆರು ಚಮಚ. ಆ ಲೆಕ್ಕದಾಗ ಸಕ್ಕರಿ, ಬೆಲ್ಲ, ಜೇನು ಎಲ್ಲಾ ಬರತಾವು. ನಮ್ಮ ಗ್ಲಾಸಿಗೆ ಬಿದ್ದ ಎರಡು ಚಮಚ ಅದರ ಮೂರನೇ ಒಂದು ಪಾಲು, ಚಹಾ ಇನ್ನೂ ಬಾಕಿ. ಸಕ್ಕರಿ ಕಾಯಿಲೆ ಇದ್ದೋರಿಗೆ ಸಿಹಿ ಹಣ್ಣೂ ಲೆಕ್ಕಾನ, ಅವರು ರುಬ್ಬಿ ಕುಡಿಯೋದಕ್ಕಿಂತ ಎರಡು ಹೋಳು ತಿನ್ನೂದು ಮೇಲು.

ಮೊದಲು ಪ್ಯಾಟಿಗೆ ಹೋದ ಮಾಲಿಗೆ ದರ ಚಲೋ ಸಿಗತೈತಿ, ಗಾಳಿ ಬಿಟ್ರ ಎಲ್ಲಾ ನೆಲಕ್ಕ, ಗೊತ್ತೈತಿ. ನಾನೂ ಅದಕ್ಕ ಹೆದರಿದ್ದು. ಈ ಸಲ ಮೂರು ಸುತ್ತಿನಾಗ ಕೊಯ್ಯೂದು ಅಂತ ಮಾಡೀನಿ, ಬಲಿತದ್ದು ಅಷ್ಟ. ಕೂಲಿ ಹೆಚ್ಚು ಬೀಳತೈತಿ. ಗಾಳಿಗೆ ಬಿದ್ದದ್ದು ಉಪ್ಪಿನಕಾಯಿಗೆ. ಸೊಸಿಗೂ ಹೇಳೀನಿ, ಮೊದಲನೇ ಅಡಿ ಬಿಚ್ಚಿದ ದಿನ ಸಕ್ಕರಿ ಇಲ್ಲದ ಒಂದು ಗ್ಲಾಸ್ ನನಗ ಕೊಡು ಅಂತ.