ಬಲೂನು ಬೇರೆ, ರಕ್ತನಾಳ ಬೇರೆ

ಬರ್ತ್‌ಡೇ ಪಾರ್ಟಿಗೆ ಬಲೂನು ಊದಿದವರಿಗೆಲ್ಲ ಗೊತ್ತು: ಮೊದಲ ಎರಡು ಉಸಿರಿಗೆ ಕೆನ್ನೆ ನೋಯುತ್ತೆ, ಆಮೇಲೆ ಸಲೀಸು. ತೀರಾ ಕೊನೆಯಲ್ಲಷ್ಟೇ ಮತ್ತೆ ಬಿಗಿ. ಈಗ ನಿಮ್ಮ ಕಿವಿಯ ಹಾಲೆಯನ್ನು ಮೆಲ್ಲಗೆ ಎಳೆದು ನೋಡಿ. ಮೊದಲು ಸುಲಭವಾಗಿ ಬರುತ್ತೆ, ಆಮೇಲೆ ಗಕ್ಕನೆ ನಿಲ್ಲುತ್ತೆ. ಎರಡಕ್ಕೂ ನಾವು ‘ಎಲಾಸ್ಟಿಕ್’ ಅಂತೀವಿ, ನಡತೆ ಮಾತ್ರ ತಿರುಗುಮುರುಗು.

ರಬ್ಬರಿನ ವಿಚಿತ್ರವನ್ನು ಮೊದಲು ಗುರುತಿಸಿದವರಲ್ಲಿ ಇಂಗ್ಲೆಂಡಿನ ಜಾನ್ ಗಾಫ್ ಒಬ್ಬರು. ಸಿಡುಬಿನಿಂದ ಚಿಕ್ಕಂದಿನಲ್ಲೇ ಕಣ್ಣು ಕಳೆದುಕೊಂಡಿದ್ದ ಅವರು ರಬ್ಬರ್ ಪಟ್ಟಿಯನ್ನು ತುಟಿಗೆ ತಾಗಿಸಿ ಸರಕ್ಕನೆ ಎಳೆದರು, ಅದು ಬೆಚ್ಚಗಾಯಿತು. 1805ರಲ್ಲಿ ಇದು ಅಚ್ಚಾಯಿತು. (ಅಗಲವಾದ ರಬ್ಬರ್ ಬ್ಯಾಂಡ್ ಇದ್ದರೆ ನೀವೂ ಮಾಡಬಹುದು, ಆಫೀಸಿನಲ್ಲಿ ಯಾರೂ ನೋಡದಾಗ.) ರಬ್ಬರಿನೊಳಗೆ ಉದ್ದುದ್ದ ಅಣುಸರಪಳಿಗಳು ಸಿಕ್ಕುಸಿಕ್ಕಾಗಿ ಬಿದ್ದಿರುತ್ತವೆ. ಎಳೆದರೆ ಸಾಲಾಗುತ್ತವೆ, ಬಿಟ್ಟರೆ ಮತ್ತೆ ಸಿಕ್ಕಿಗೇ ಓಡುತ್ತವೆ. ಎಳೆದಾಗ ಒಳಗೆ ಎಷ್ಟು ಶಕ್ತಿ ಕೂಡುತ್ತೆ ಅಂತ ಸೂತ್ರ ಬರೆದರೆ, ಬೇಕಾದ ಬಲದ ಲೆಕ್ಕ ಅದರಿಂದಲೇ ಹೊರಡುತ್ತೆ. 1940ರ ದಶಕದಲ್ಲಿ ಮೂನಿ ಮತ್ತು ರಿವ್ಲಿನ್ ಕೊಟ್ಟ ಸೂತ್ರಕ್ಕೆ ಎರಡೇ ಸ್ಥಿರಾಂಕ ಸಾಕು.

ದೇಹಕ್ಕೆ ಈ ಸೂತ್ರ ಸಾಲದು. ಇಲ್ಲಿ ಬರೋರು ವೈ. ಸಿ. ಫಂಗ್. ವಿಮಾನದ ರೆಕ್ಕೆ ಅದುರೋದರ ಲೆಕ್ಕ ಹಾಕುತ್ತಿದ್ದ ಎಂಜಿನಿಯರ್. ಚೀನಾದಲ್ಲಿದ್ದ ತಾಯಿಗೆ ಗ್ಲಾಕೋಮಾ ಆದಾಗ ಅವರು ಜರ್ಮನಿಯಲ್ಲಿದ್ದರು; ಆ ಕಾಯಿಲೆಯ ಬಗ್ಗೆ ಲೈಬ್ರರಿಯಲ್ಲಿ ಓದಿ, ಸಾರಾಂಶ ಬರೆದು ಊರಿಗೆ ಕಳಿಸುತ್ತಿದ್ದರಂತೆ. ಹಾಗೆ ಶುರುವಾದ ಓದು ಅವರನ್ನು ಶರೀರದ ಕಡೆಗೇ ಎಳೆದುಕೊಂಡಿತು. ಮೊಲದ ಕರುಳನ್ನು ಹಿಡಿದಿಡುವ ತೆಳು ಪೊರೆಯನ್ನು ಎಳೆದು ನೋಡಿ, 1967ರಲ್ಲಿ ಅವರು ತೋರಿಸಿದ್ದು ಸರಳ: ಪೊರೆಯ ಮೇಲೆ ಬಿಗುವು ಹೆಚ್ಚಿದಷ್ಟೂ ಅದು ಇನ್ನಷ್ಟು ಗಟ್ಟಿಯಾಗುತ್ತೆ. ಅಂದ್ರೆ ಕ್ರೆಡಿಟ್ ಕಾರ್ಡ್ ಬಾಕಿಯ ಹಾಗೆ, ಚಕ್ರಬಡ್ಡಿ ಲೆಕ್ಕ.

ಕಾರಣ ಎರಡು ಪ್ರೋಟೀನು. ಎಲಾಸ್ಟಿನ್ ರಬ್ಬರಿನಂತೆ ಹಿಗ್ಗುತ್ತೆ. ಕೊಲಾಜೆನ್ ನಾರುಗಳು ಸಡಿಲ ಬಿಟ್ಟ ಹಗ್ಗದಂತೆ ಅಲೆಅಲೆಯಾಗಿರುತ್ತವೆ. ಎಳೆತ ಜಾಸ್ತಿಯಾದಾಗ ನೆಟ್ಟಗಾಗಿ ಭಾರ ಹೊರುತ್ತವೆ.

ಇದು ಇಲ್ಲದಿದ್ದರೆ? ಜಾತ್ರೆಯಲ್ಲಿ ಸಿಗೋ ಉದ್ದನೆ ಬಲೂನು ನೆನಪಿಸಿಕೊಳ್ಳಿ. ಊದಿದರೆ ಒಂದು ಕಡೆ ಮಾತ್ರ ಉಬ್ಬುತ್ತೆ, ಉಳಿದದ್ದು ಹಾಗೇ ಸಪೂರ. ರಕ್ತನಾಳ ಬರೀ ರಬ್ಬರಾಗಿದ್ದರೆ ಅದಕ್ಕೂ ಅದೇ ಗತಿ. ಎಲಾಸ್ಟಿನ್ ಸವೆದು ಕೊಲಾಜೆನ್ ಕೂಡ ಸೋತರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಮಹಾಪಧಮನಿ, ನಿಜಕ್ಕೂ ಹೀಗೆ ಉಬ್ಬುತ್ತೆ. ಅದೇ ಅನ್ಯೂರಿಸಂ. ಒಡೆದರೆ ಜೀವಕ್ಕೇ ಸಂಚಕಾರ. ಹೊಟ್ಟೆಯ ಭಾಗದಲ್ಲಾದರೆ, ಗಂಡಸರಿಗೆ ಅಗಲ ಸುಮಾರು 5.5 ಸೆಂ.ಮೀ. ತಲುಪಿದಾಗ ವೈದ್ಯರು ಸಾಮಾನ್ಯವಾಗಿ ಆಪರೇಷನ್ ಬಗ್ಗೆ ಮಾತಾಡುತ್ತಾರೆ. ಆದರೆ ಅದಕ್ಕಿಂತ ಚಿಕ್ಕವು ಒಡೆದದ್ದೂ ಉಂಟು, ದೊಡ್ಡವು ಸುಮ್ಮನೆ ಉಳಿದದ್ದೂ ಉಂಟು. ಬರೀ ಅಗಲ ನೋಡಿದರೆ ಸಾಲದು ಅನ್ನೋದಕ್ಕೇ ಮಾದರಿಗಳ ಹಿಂದೆ ಬಿದ್ದಿರೋದು.

2000ದಲ್ಲಿ ಹೋಲ್ಜಾಪ್ಫೆಲ್, ಗ್ಯಾಸರ್, ಆಗ್ಡನ್ ಸೇರಿ ಬರೆದ ಸೂತ್ರದಲ್ಲಿ ರಬ್ಬರೂ ಇದೆ, ಫಂಗರ ಚಕ್ರಬಡ್ಡಿಯೂ ಇದೆ. ನಾಳದ ಸುತ್ತ ಎರಡು ದಿಕ್ಕಿನಲ್ಲಿ ಸುರುಳಿ ಸುತ್ತಿದ ನಾರುಗಳಿಗೆ ಪ್ರತ್ಯೇಕ ಲೆಕ್ಕ. ಸಿ.ಟಿ. ಸ್ಕ್ಯಾನಿನಿಂದ ರೋಗಿಯ ನಾಳದ ಆಕಾರ ತೆಗೆದು ಕಂಪ್ಯೂಟರಿಗೆ ಹಾಕಿದರೆ, ಗೋಡೆಯ ಮೇಲೆ ಎಲ್ಲಿ ಎಳೆತ ಹೆಚ್ಚು ಅಂತ ಬಣ್ಣದಲ್ಲಿ ಕಾಣುತ್ತೆ. ಚಿತ್ರ ಚೆನ್ನಾಗೇ ಇರುತ್ತೆ. ತೊಡಕು ಅಂದ್ರೆ, ಸೂತ್ರದ ಸ್ಥಿರಾಂಕಗಳು ಒಬ್ಬೊಬ್ಬರಿಗೆ ಒಂದೊಂದು. ಬದುಕಿರೋರ ಮಹಾಪಧಮನಿಯಿಂದ ಪರೀಕ್ಷೆಗೆ ಅಂತ ತುಂಡು ಕತ್ತರಿಸೋಕಾಗಲ್ಲ. ಸ್ಕ್ಯಾನಿನಲ್ಲಿ ಕಾಣೋ ನಾಳವೂ ಆಗಲೇ ರಕ್ತದೊತ್ತಡದಿಂದ ಹಿಗ್ಗಿರೋದೇ. ಖಾಲಿ ಇದ್ದಾಗ ಅದರ ಆಕಾರ ಹೇಗಿತ್ತು ಅನ್ನೋದನ್ನೂ ಹಿಂದಕ್ಕೆ ಲೆಕ್ಕ ಹಾಕಿಯೇ ಕಂಡುಕೊಳ್ಳಬೇಕು.