ಐಸ್ ಟೀಯಲ್ಲಿ ನೀಲಿ ಕಾಣುವುದಿಲ್ಲ

ಐಸ್ ಟೀ ಕೇಳುವ ಗಿರಾಕಿ ಸಕ್ಕರೆ ಕಮ್ಮಿ ಇರಲಿ ಅನ್ನುತ್ತಾನೆ, ನಿಂಬೆ ಸ್ವಲ್ಪ ಜಾಸ್ತಿ ಹಿಂಡಿ ಅನ್ನುತ್ತಾನೆ, ಸ್ಟ್ರಾ ಕೊಡಿ ಅನ್ನುತ್ತಾನೆ. ಐಸು ಎಲ್ಲಿಂದ ತಂದಿರಿ ಎಂದು ಕೇಳಿದವರು ನನ್ನ ಗಲ್ಲೆಯ ಮುಂದೆ ಇನ್ನೂ ಬಂದಿಲ್ಲ.

ನಾಶಿಕದಿಂದ ತ್ರ್ಯಂಬಕೇಶ್ವರಕ್ಕೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಫಾಸ್ಟ್ ಫುಡ್ ಇದೆ. ಮೂಲ ಊರು ಬೈಂದೂರು ಕಡೆ. ದೋಸೆ, ಮಿಸಳ್, ವಡಾಪಾವ್, ಪಾವ್‌ಭಾಜಿ ಎಲ್ಲ ಒಂದೇ ಕೌಂಟರಿನಲ್ಲಿ. ಅಂಜನೇರಿ, ಬ್ರಹ್ಮಗಿರಿ ಹತ್ತಿಳಿದು ಬರುವ ಕಾಲೇಜು ಹುಡುಗರ ಒತ್ತಾಯಕ್ಕೆ ಐಸ್ ಟೀ ಬೋರ್ಡಿಗೆ ಸೇರಿತು. ಶಿರಡಿ, ಶಿಂಗಣಾಪುರ ಮುಗಿಸಿಕೊಂಡು ಬರುವ ನಮ್ಮ ಕಡೆಯ ಯಾತ್ರೆ ಬಸ್ಸಿನವರಿಗೆ ಮಾತ್ರ ಅದು ತಮಾಷೆ. ಗದಗ ಕಡೆಯ ಹಿರಿಯರೊಬ್ಬರು ಲೋಟ ನೋಡಿ, "ಯಜಮಾನ್ರ, ಚಾ ಆರಿ ಹೋತು ಅಂತ ನಾವು ಚೆಲ್ಲತೀವ್ರಿ, ನೀವು ಅದಕ್ಕ ರೊಕ್ಕ ತಗೋತೀರಲ್ರೀ" ಅಂದರು. ನಾನು ನಕ್ಕು ಅವರಿಗೆ ಬಿಸಿ ಚಹಾ ಕೊಡಿಸಿದೆ.

ಆದರೆ ಇದು ಆರಿಹೋದ ಚಹಾ ಅಲ್ಲ. ನಾವು ಲೀಟರ್ ನೀರಿಗೆ 20 ಗ್ರಾಂ ಎಲೆ ಹಾಕುತ್ತೇವೆ, ಐದು ನಿಮಿಷಕ್ಕೆ ಸೋಸುತ್ತೇವೆ. ಅದಕ್ಕಿಂತ ಹೆಚ್ಚು ಬಿಟ್ಟರೂ ಒಗರು, ಬಟ್ಟೆಯಲ್ಲಿ ಎಲೆ ಹಿಂಡಿದರೂ ಒಗರು. ಸಕ್ಕರೆ ಬಿಸಿಯಲ್ಲೇ ಬೀಳಬೇಕು. ತಣ್ಣಗಾದ ಮೇಲೆ ಹಾಕಿದ್ದು ಲೋಟದ ತಳದಲ್ಲಿ ಕೂತಿರುತ್ತದೆ. ಹಾಲಿನ ಚಹಾಕ್ಕೆ ನಾವೆಲ್ಲ ಬಳಸುವ ಸಿಟಿಸಿ ಪುಡಿಯ ಡಿಕಾಕ್ಷನ್ನನ್ನು ಫ್ರಿಜ್‌ನಲ್ಲಿಟ್ಟರೆ ಕೆರೆ ನೀರಿನ ಹಾಗೆ ಕದಡಿಕೊಳ್ಳುತ್ತದೆ. ಕೆಟ್ಟಿತು ಎಂದು ಹುಡುಗರು ಚೆಲ್ಲಲು ಹೋಗುತ್ತಾರೆ. ಕೆಟ್ಟಿರುವುದಿಲ್ಲ. ಚಹಾಕ್ಕೆ ಬಣ್ಣ ಕೊಡುವ ಅಂಶವೂ ಕೆಫೀನೂ ತಂಪಿಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಂದು ಸೌಟು ಕುದಿನೀರು ಸುರಿದರೆ ಮತ್ತೆ ತಿಳಿಯಾಗುತ್ತದೆ. ನೀಲಗಿರಿಯ ಎಲೆಯಲ್ಲಿ ಈ ತಾಪತ್ರಯ ಕಡಿಮೆ, ಅದಕ್ಕೇ ಐಸ್ ಟೀಗೆ ಆ ಎಲೆ ಹೆಸರುವಾಸಿ. ನಿಂಬೆ ಕೊನೆಗೆ. ಹುಳಿ ಬಿದ್ದ ಕೂಡಲೇ ಬಣ್ಣ ಒಂದು ಮೆಟ್ಟಿಲು ತಿಳಿಯಾಗುವುದನ್ನು ನೋಡುವುದೇ ಒಂದು ಖುಷಿ.

ಡಬ್ಬಿಯ ಪುಡಿ ಕಲಸಿಕೊಡುವವರೂ ಈ ರಸ್ತೆಯಲ್ಲಿ ಇದ್ದಾರೆ. ಅವರ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಡಬ್ಬಿಯ ಹಿಂದೆ ತೂಕದ ಇಳಿಕೆ ಕ್ರಮದಲ್ಲೇ ಪದಾರ್ಥಗಳ ಪಟ್ಟಿ ಹಾಕಬೇಕೆಂದು ಕಾಯ್ದೆಯಿದೆ. ಮೊದಲ ಹೆಸರು ಸಕ್ಕರೆ ಎಂದಿದ್ದರೆ ನೀವು ಕುಡಿಯುತ್ತಿರುವುದು ಏನು ಎಂದು ಗೊತ್ತಾಯಿತಲ್ಲ.

ನನ್ನ ತಕರಾರು ಇರುವುದು ಐಸಿನ ಮೇಲೆ. ಲೆಕ್ಕ ನೋಡಿ. 90 ಡಿಗ್ರಿ ಬಿಸಿಯ 150 ಗ್ರಾಂ ಡಿಕಾಕ್ಷನ್ನಿಗೆ ಅಷ್ಟೇ ತೂಕದ ಐಸು ಹಾಕುತ್ತೇವೆ. ಒಂದು ಗ್ರಾಂ ಐಸು ಕರಗಲು 80 ಕ್ಯಾಲೊರಿ ಶಾಖ ಎಳೆದುಕೊಳ್ಳುತ್ತದೆ. ಎಲ್ಲ ಕರಗುವ ಹೊತ್ತಿಗೆ ಲೋಟ ಸುಮಾರು 5 ಡಿಗ್ರಿಗೆ ಇಳಿದಿರುತ್ತದೆ. ಎಲೆಯನ್ನು ದುಪ್ಪಟ್ಟು ಹಾಕುವುದು ಇದೇ ಕಾರಣಕ್ಕೆ: ಗಿರಾಕಿ ಕುಡಿಯುವುದರಲ್ಲಿ ಅರ್ಧ ಕರಗಿದ ಐಸು. ಡಿಕಾಕ್ಷನ್ ಕುದ್ದ ನೀರಿನದು. ಐಸಿನ ನೀರು ಕುದ್ದಿಲ್ಲ. ಬಿಸಿ ಚಹಾ ಸುರಿದರೆ ಕ್ರಿಮಿ ಸತ್ತೀತಲ್ಲ ಎಂದು ನಮ್ಮ ಹುಡುಗನೇ ಕೇಳಿದ್ದ. ಸಾಯುವಷ್ಟು ಹೊತ್ತು ಬಿಸಿ ಎಲ್ಲಿ ನಿಲ್ಲುತ್ತದೆ? ಹೆಪ್ಪುಗಟ್ಟಿದಾಗಲೂ ಅವು ಪೂರ್ತಿ ಸಾಯುವುದಿಲ್ಲ, ಸುಮ್ಮನೆ ಬಿದ್ದುಕೊಂಡಿರುತ್ತವೆ.

ಈ ರಾಜ್ಯಕ್ಕೆ ಕೊಳಕು ಐಸು ಹೊಸ ಸಂಗತಿಯೂ ಅಲ್ಲ. ಮುಂಬೈಯ ಹೋಟೆಲು, ಗಾಡಿಗಳ ಐಸಿನಲ್ಲಿ ಇ. ಕೋಲೈ ಸಿಕ್ಕಿ ಗಲಾಟೆಯಾದ ಮೇಲೆ, 2018ರಲ್ಲಿ ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ ಎಫ್‌ಡಿಎ ಒಂದು ನಿಯಮ ತಂದಿತು: ಮೀನು, ತರಕಾರಿ ತಣ್ಣಗಿಡಲು ಮಾಡುವ ಐಸಿಗೆ ನೀಲಿ ಬಣ್ಣ ಬೆರೆಸಬೇಕು, ತಿನ್ನುವ ಐಸು ಬಣ್ಣವಿಲ್ಲದೆ ಇರಬೇಕು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೇಳಿದ ಪ್ರಮಾಣ 10 ಪಿಪಿಎಂವರೆಗೆ ಇಂಡಿಗೊ ಕಾರ್ಮಿನ್ ಅಥವಾ ಬ್ರಿಲಿಯಂಟ್ ಬ್ಲೂ. ಒಳ್ಳೆಯ ನಿಯಮ. ಕಬ್ಬಿನ ಹಾಲಿನಲ್ಲಿ, ನಿಂಬೆ ಸೋಡಾದಲ್ಲಿ ಗಿರಾಕಿಯೇ ಕಣ್ಣಳತೆಯಲ್ಲಿ ಹಿಡಿಯಬಹುದು. ಚಹಾದಲ್ಲಿ? ಐಸಿನ ದಿಮ್ಮಿಯಲ್ಲಿ ತೆಳು ನೀಲಿ ಇದ್ದದ್ದು ಒಡೆದು ಪುಡಿಯಾಗಿ ಕಂದು ಡಿಕಾಕ್ಷನ್ನಿನಲ್ಲಿ ಬಿದ್ದರೆ ಯಾವ ಕಣ್ಣಿಗೂ ಕಾಣದು. ಅಂದರೆ ಈ ನಿಯಮ ಕಾಯದೇ ಬಿಟ್ಟ ಪಾನೀಯ ಯಾವುದಾದರೂ ಇದ್ದರೆ ಅದು ಐಸ್ ಟೀ. ಬಣ್ಣವನ್ನೇ ಹಾಕದೆ ಸಾಗಿಸುವ ಕಾರ್ಖಾನೆಯವನಿದ್ದರಂತೂ ಯಾವ ಪಾನೀಯವೂ ಉಳಿಯಲಿಲ್ಲ ಬಿಡಿ.

ಈ ಚಿಂತೆ ಮೇಳದ ಹೊತ್ತಿಗೆ ಇನ್ನೂ ಹೆಚ್ಚುತ್ತದೆ. ಮೇಳಕ್ಕೂ ಐಸ್ ಟೀಗೂ ಹಳೆಯ ನಂಟು. 1904ರ ಸೇಂಟ್ ಲೂಯಿ ಜಾಗತಿಕ ಮೇಳದಲ್ಲಿ ಭಾರತದ ಚಹಾ ಪ್ರಚಾರಕ್ಕೆಂದು ಹೋಗಿದ್ದ ರಿಚರ್ಡ್ ಬ್ಲೆಚಿಂಡನ್, ಸೆಕೆಗೆ ಬಿಸಿ ಚಹಾ ಯಾರೂ ಮುಟ್ಟದಿದ್ದಾಗ ಐಸು ಹಾಕಿ ಹಂಚಿದ ಎಂಬ ಕತೆಯಿದೆ. ವರ್ಜೀನಿಯಾದ ಒಂದು ಅಡುಗೆ ಪುಸ್ತಕದಲ್ಲಿ 1879ರಲ್ಲೇ ಇದರ ವಿಧಾನ ಅಚ್ಚಾಗಿತ್ತು. ಆದ್ದರಿಂದ ಕಂಡುಹಿಡಿದ ಪುಣ್ಯ ಅವನದ್ದಲ್ಲ, ಜನಕ್ಕೆ ಹತ್ತಿಸಿದ ಪುಣ್ಯ ಅವನದ್ದು.

ನಮ್ಮ ಮೇಳ ಸಿಂಹಸ್ಥ ಕುಂಭ. 2026ರ ಅಕ್ಟೋಬರ್ 31ಕ್ಕೆ ಧ್ವಜಾರೋಹಣ, 2027ರ ಆಗಸ್ಟ್ 2ಕ್ಕೆ ಮೊದಲ ಅಮೃತ ಸ್ನಾನ ಎಂದು ಗೊತ್ತಾಗಿದೆ. ಆಗಸ್ಟ್ ಎಂದರೆ ತ್ರ್ಯಂಬಕದಲ್ಲಿ ಕೊಡೆ ಮಡಚಲು ಬಿಡದ ಮಳೆ. ಮಳೆಯಲ್ಲಿ ಐಸ್ ಟೀ ಯಾರು ಕುಡಿಯುತ್ತಾರೆ ಎನ್ನಬೇಡಿ. ಜನಜಂಗುಳಿಯಲ್ಲಿ ಕಿಲೋಮೀಟರ್‌ಗಟ್ಟಲೆ ನಡೆದು ಬೆವತು ಬಂದವರು ಮೊದಲು ಕೇಳುವುದೇ ತಂಪಿನದು, 2015ರ ಕುಂಭದಲ್ಲಿ ಇದನ್ನು ಕಂಡಿದ್ದೇನೆ. ಹೊಳೆ, ಬಾವಿ, ಕೊಳವೆ ಎಲ್ಲ ಕದಡಿ ವಾಂತಿಭೇದಿ ಏಳುವ ಕಾಲವೂ ಅದೇ. ಬೇಸಿಗೆಯ ಐಸಿಗಿಂತ ಮಳೆಗಾಲದ ಐಸಿಗೆ ನಾನು ಹೆಚ್ಚು ಹೆದರುತ್ತೇನೆ.

ಹಾಗಾಗಿ ಕುಂಭಮೇಳ ಪ್ರಾಧಿಕಾರ, ತ್ರ್ಯಂಬಕ ನಗರ ಪರಿಷತ್ತು, ಎಫ್‌ಡಿಎ ಮೂವರಿಗೂ ನನ್ನದೊಂದು ಬೇಡಿಕೆ. ಮೇಳ ಬಂದಾಗ ಗಾಡಿಯವನ ಡಬ್ಬ ಮಗುಚಿ ಫೋಟೊ ತೆಗೆಸಿಕೊಳ್ಳುವುದು ಸುಲಭ. ಅದಕ್ಕೆ ಮೊದಲು ಐಸ್ ಕಾರ್ಖಾನೆಗೆ ಹೋಗಿ. ಅಲ್ಲಿ ಉಪ್ಪುನೀರಿನ ತೊಟ್ಟಿಗೆ ಇಳಿಸುವ ತಗಡಿನ ಡಬ್ಬಿಗಳಿಗೆ ತುಕ್ಕು ಹಿಡಿದಿದೆಯೇ, ತುಂಬುವ ನೀರು ಯಾವ ಕೊಳವೆಯದು, ದಿಮ್ಮಿಯನ್ನು ಒದ್ದೆ ಗೋಣಿಯ ಮೇಲೆ ಎಳೆದು ಟೆಂಪೊಗೆ ಹಾಕುತ್ತಾರೆಯೇ, ನೋಡಿ. ನಾಲ್ಕಾರು ಕಾರ್ಖಾನೆ ಸರಿಯಾದರೆ ಸಾವಿರ ಗಾಡಿ ತಾನಾಗಿ ಸರಿಯಾಗುತ್ತವೆ. ತಂಪು ಪಾನೀಯ ಮಾರುವ ಪ್ರತಿ ಅಂಗಡಿಯವನೂ ಅಂದಿನ ಐಸಿನ ಬಿಲ್ಲು, ಅದರ ಮೇಲೆ ಕಾರ್ಖಾನೆಯ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು, ಎರಡನ್ನೂ ಗಲ್ಲೆಯ ಪಕ್ಕ ಅಂಟಿಸಲಿ. ಅಂಗಡಿಯಲ್ಲೇ ಐಸ್ ಯಂತ್ರ ಇಟ್ಟುಕೊಂಡ ನಮ್ಮಂಥವರು ಫಿಲ್ಟರ್ ಬದಲಿಸಿದ ತಾರೀಕು ಬರೆದು ತೂಗುಹಾಕಲಿ.

ನಮ್ಮಂಥ ಅಂಗಡಿಗಳಿಗೂ ಒಂದು ಮಾತು. ಡಿಕಾಕ್ಷನ್ ತುಂಬಿಡುವ ಸ್ಟೀಲ್ ಡ್ರಮ್ಮನ್ನು ಹೊರಗಿನಿಂದ ತಿಕ್ಕಿ ಫಳಫಳ ಮಾಡುತ್ತೇವೆ, ನಲ್ಲಿಯನ್ನು ಬಿಚ್ಚುವುದಿಲ್ಲ. ಬಿಚ್ಚಿ ನೋಡಿ, ಒಳಗೆ ಬೆರಳಿಗೆ ಜಾರುವ ಕಂದು ಲೋಳೆ ಸಿಗುತ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 1990ರ ದಶಕದಲ್ಲೇ ಹೋಟೆಲುಗಳ ಐಸ್ ಟೀಯ ಬಗ್ಗೆ ಎಚ್ಚರಿಸಿದ್ದು ಇಂಥದ್ದಕ್ಕೇ: ಮಾಡಿದ ಚಹಾ 8 ಗಂಟೆ ದಾಟಬಾರದು, ಪಾತ್ರೆಯನ್ನೂ ನಲ್ಲಿಯನ್ನೂ ಬಿಚ್ಚಿ ತೊಳೆಯಬೇಕು. ನಮ್ಮಲ್ಲಿ ರಾತ್ರಿ ಶಟರ್ ಎಳೆಯುವ ಮೊದಲು ನಲ್ಲಿ ಬಿಸಿನೀರಿನ ಬೋಗುಣಿಗೆ ಬೀಳುತ್ತದೆ, ಉಳಿದ ಡಿಕಾಕ್ಷನ್ ಮೋರಿಗೆ. ಮೋರಿಗೆ ಸುರಿಯುವಾಗ ನಮ್ಮ ಅಡುಗೆ ಭಟ್ಟರು ಇವತ್ತಿಗೂ ಮುಖ ಹಿಂಡುತ್ತಾರೆ. ಸಕ್ಕರೆಯ ರೇಟು ಅವರಿಗೆ ಬಾಯಿಪಾಠ.

ಯಂತ್ರ ಕೆಟ್ಟ ದಿನ ಬೋರ್ಡಿನ ಮೇಲೆ ಐಸ್ ಟೀಗೆ ಕಾಗದ ಅಂಟಿಸುತ್ತೇನೆ. ಪಕ್ಕದ ಅಂಗಡಿಯಲ್ಲಿ ಸಿಗುತ್ತದಲ್ಲ, ದಿಮ್ಮಿ ತರಿಸಿ ಎಂದು ಕಾಲೇಜು ಹುಡುಗರು ರೇಗುತ್ತಾರೆ, ಕೆಲವರು ಎದ್ದೂ ಹೋಗುತ್ತಾರೆ. ಹೋಗಲಿ. ಕುಂಭದ ದಿನಗಳಲ್ಲಿ ಹೀಗೆ ಎದ್ದು ಹೋದವರು ಪಕ್ಕದಲ್ಲಿ ಏನು ಕುಡಿದರು ಎಂಬುದಕ್ಕೆ ಉತ್ತರ ಕೊಡಬೇಕಾದವರು ಎಫ್‌ಡಿಎಯವರು.